ಅಜ್ಜಿಯ ಎರಡು ಡ್ರಾಪ್ಸ್, ದೊಡ್ಡಪ್ಪ ಹಾಕಿದ ಒಂದು ಫೋಟೊ

ದೊಡ್ಡಪ್ಪ: [ಫೋಟೊ] ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆದಮೇಲೆ ಕೊಟ್ಟ ಸ್ಟೆರಾಯ್ಡ್ ಡ್ರಾಪ್ಸ್ ಇದೆಯಲ್ಲ, ಪ್ರೆಡ್ನಿಸೊಲೋನ್, ಅದರ ಡಬ್ಬಿಯೊಳಗಿದ್ದ ಚೀಟಿ. ಕೆಂಪು ಗೆರೆ ಎಳೆದಿದ್ದೇನೆ, ಓದಿ. ನೋವಿನ ಡ್ರಾಪ್ಸ್ ಜೊತೆ ಹಾಕಿದರೆ ಗಾಯ ಮಾಯುವುದು ತಡವಾಗಬಹುದಂತೆ. ನೆಪಾಫೆನಾಕ್ ಕೂಡ ಕೊಟ್ಟಿದ್ದಾರಲ್ಲ! ಇವತ್ತಿನಿಂದ ಒಂದನ್ನು ನಿಲ್ಲಿಸಿ.

ಶೋಭಾ ಅತ್ತೆ: ಯಾವುದನ್ನು ಅಣ್ಣಾ? ಚೀಟಿ ಎತ್ತೋಣವಾ?

ದೊಡ್ಡಪ್ಪ: ಸ್ಟೆರಾಯ್ಡನ್ನು. ಹೆಸರು ಕೇಳಿದರೇ ಭಯ.

ವಿದ್ಯಾ: ಬೇಡ ದೊಡ್ಡಪ್ಪ. ಚೀಟಿಯಲ್ಲಿರುವುದು ನಿಜವೇ. ಆದರೆ ಪೊರೆ ಆಪರೇಷನ್ ಆದಮೇಲೆ ಎರಡನ್ನೂ ಬೇಕಂತಲೇ ಒಟ್ಟಿಗೆ ಕೊಡುತ್ತಾರೆ. ನೆಪಾಫೆನಾಕ್ ಬರೀ ನೋವಿಗಲ್ಲ, ಕಣ್ಣಿನ ಹಿಂಭಾಗದ ಪದರ, ರೆಟಿನಾ, ಊದಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಅಜ್ಜಿಗೆ ಶುಗರ್ ಇದೆ, ಆ ಊತದ ಅಪಾಯ ಜಾಸ್ತಿ. ಸ್ಟೆರಾಯ್ಡ್ ದಿಢೀರನೆ ಬಿಟ್ಟರೆ ಉರಿಯೂತ ಮತ್ತೆ ಏಳಬಹುದು. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಇಳಿಸುವ ಹಾಗೆ ಬರೆದಿದ್ದಾರೆ.

ದೊಡ್ಡಪ್ಪ: ಹಾಗಾದರೆ ಕಂಪನಿಯವರು ಸುಮ್ನೆ ಅಚ್ಚು ಹಾಕಿದ್ದಾರಾ?

ವಿದ್ಯಾ: ಸುಮ್ನೆ ಅಲ್ಲ. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಮೊದಲೇ ಹಾಳಾಗಿದ್ದವರಿಗೆ, ಹೇಳಿದ್ದಕ್ಕಿಂತ ಜಾಸ್ತಿ ದಿನ ಹಾಕುವವರಿಗೆ ತೊಂದರೆ ಆಗಬಹುದು.

ಸಂತು: ಅಯ್ಯೋ, ಮೊನ್ನೆ ನನ್ನ ಕಣ್ಣು ಕೆಂಪಾದಾಗ ಅಜ್ಜೀದೇ ಸ್ಟೆರಾಯ್ಡ್ ಎರಡು ತೊಟ್ಟು ಬಿಟ್ಟುಕೊಂಡೆ. ಕಾಂಟ್ಯಾಕ್ಟ್ ಲೆನ್ಸ್ ಮೇಲೇ. ಏನೂ ಆಗಲಿಲ್ಲ.

ವಿದ್ಯಾ: ದೊಡ್ಡಪ್ಪ, ಕೆಂಪು ಗೆರೆ ಎಳೆಯುವುದಾದರೆ ಇವನಿಗೆ ಎಳೆಯಿರಿ! ಹರ್ಪಿಸ್ ವೈರಸ್‌ನಿಂದ ಕೆಂಪಾಗಿದ್ದರೆ ಸ್ಟೆರಾಯ್ಡ್ ಅದನ್ನು ಇನ್ನೂ ಕೆರಳಿಸುತ್ತದೆ. ಡ್ರಾಪ್ಸ್ ಕೆಡದಿರಲಿ ಅಂತ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡನ್ನು ಸಾಫ್ಟ್ ಲೆನ್ಸ್ ಹೀರಿಕೊಂಡುಬಿಡುತ್ತದೆ. ಕಣ್ಣು ಕೆಂಪಾದಾಗ ಲೆನ್ಸೇ ಹಾಕಬಾರದು ಮಾರಾಯ.

ಶೋಭಾ ಅತ್ತೆ: ನಾನು ಎರಡನ್ನೂ ಒಂದರ ಹಿಂದೆ ಒಂದು ಹಾಕುತ್ತಿದ್ದೇನೆ. ಪರವಾಗಿಲ್ವಾ?

ವಿದ್ಯಾ: ಮಧ್ಯೆ 5 ನಿಮಿಷ ಬಿಡಿ ಅತ್ತೆ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳದಲ್ಲಿ ಕೂತಿರುತ್ತದೆ. ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಸ್ವಲ್ಪ ಹೊತ್ತು ಮೆಲ್ಲಗೆ ಒತ್ತಿ ಹಿಡಿಯಿರಿ.

ದೊಡ್ಡಪ್ಪ: ಇದೆಲ್ಲ ಸರಿ. ಅಮ್ಮನಿಗೆ ಕಣ್ಣಿನ ಒತ್ತಡದ ಕಾಯಿಲೆ ಗ್ಲಾಕೋಮಾಗೆ ಟಿಮೊಲಾಲ್ ಡ್ರಾಪ್ಸ್ ಕೂಡ ಇದೆಯಲ್ಲ, ಅದರ ಕಥೆ ಏನು?

ವಿದ್ಯಾ: ಒಳ್ಳೇ ಪ್ರಶ್ನೆ. ಟಿಮೊಲಾಲ್ ಕಣ್ಣಿನ ಒತ್ತಡ ಇಳಿಸುತ್ತದೆ, ಸ್ಟೆರಾಯ್ಡ್ ಏರಿಸಬಹುದು. ಏರಿದರೂ ಅಜ್ಜಿಗೆ ಗೊತ್ತಾಗದೇ ಇರಬಹುದು. ಡಾಕ್ಟರ್ ಹೇಳಿದ ದಿನಕ್ಕೇ ಹೋಗಿ ಒತ್ತಡ ಅಳೆಸಬೇಕು. ಚೆಕಪ್ ಯಾವಾಗ?

ಶೋಭಾ ಅತ್ತೆ: ಈ ವಾರ ಇತ್ತು. ಮದುವೆ ಇದೆ ಅಂತ ಮುಂದಕ್ಕೆ ಹಾಕಿದೆವು.

ದೊಡ್ಡಪ್ಪ: ನೋಡಿ! ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ. ಮೂರೂ ಬಾಟಲಿ ತೆಗೆದಿಡು ಶೋಭಾ. ಆ ಚೀಟೀನೂ ಇರಲಿ, ಡಾಕ್ಟರಿಗೆ ತೋರಿಸಬೇಕು.

ವಿದ್ಯಾ: ತೋರಿಸಿ ದೊಡ್ಡಪ್ಪ. ಅಲ್ಲೀವರೆಗೆ ಏನನ್ನೂ ನಿಲ್ಲಿಸಬೇಡಿ.