ರಾಮೊ ಸಾಮಿ ಎಂಬ ಹೆಸರಿನ ಹಿಂದೆ ಇದ್ದವರು ಒಬ್ಬರೇ?

ಕಡತಪ್ರಿಯ (ಪ್ರಶ್ನೆ):
1813ರಲ್ಲಿ ಲಂಡನ್ನಿನ ಪಾಲ್ ಮಾಲ್‌ನಲ್ಲಿ ಪ್ರದರ್ಶನ ನೀಡಿದ ಭಾರತೀಯ ಜಗ್ಲರ್‌ಗಳ ಬಗ್ಗೆ ಓದುತ್ತಿದ್ದೇನೆ. ಬಿಳಿ ಉಡುಪು ಧರಿಸಿ, ನೆಲದ ಮೇಲೆ ಕುಳಿತು, ಎರಡು ಹಿತ್ತಾಳೆ ಚೆಂಡುಗಳಿಂದ ಆರಂಭಿಸಿ ನಾಲ್ಕನ್ನು ಒಟ್ಟಿಗೆ ಆಡಿಸುತ್ತಿದ್ದ ತಂಡದ ನಾಯಕನನ್ನು ಇಂಗ್ಲಿಷ್ ಪ್ರಬಂಧಕಾರ ವಿಲಿಯಂ ಹ್ಯಾಜ್ಲಿಟ್ 1821ರಲ್ಲಿ ಅಚ್ಚಾದ ಪ್ರಬಂಧದಲ್ಲಿ ವರ್ಣಿಸಿದ್ದಾನೆ. ಆತನೇ 1850ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ ರಾಮೊ ಸಾಮಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಹಳೆಯ ಕರಪತ್ರವೊಂದರಲ್ಲಿ ಈ ಹೆಸರು ಸಿಕ್ಕಿದರೆ, ಅದು ಅದೇ ವ್ಯಕ್ತಿಯದೆಂದು ತೀರ್ಮಾನಿಸುವುದು ಹೇಗೆ? ಇಂತಹ ಆಟಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ ಜಾಡನ್ನು ಹಿಡಿಯಲು ಸಾಧ್ಯವೇ?

ಹಳೆಬರಹ:
ಹೆಸರನ್ನೇ ನೆಚ್ಚಿಕೊಳ್ಳಬೇಡಿ. ‘ರಾಮಸ್ವಾಮಿ’ಯನ್ನು ಇಂಗ್ಲಿಷರು ಕಿವಿಗೆ ಬಿದ್ದಂತೆ ಬರೆದುಕೊಂಡದ್ದೇ ‘ರಾಮೊ ಸಾಮಿ’. ದಕ್ಷಿಣ ಭಾರತದಲ್ಲಿ ಆ ಹೆಸರಿನವರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಅಲ್ಲದೆ ಆ ಕಾಲದ ಇಂಗ್ಲಿಷಿನಲ್ಲಿ ‘ಜಗ್ಲರ್’ ಎಂದರೆ ಚೆಂಡು ಆಡಿಸುವವನಷ್ಟೇ ಅಲ್ಲ, ನಮ್ಮ ‘ಗಾರುಡಿಗ’ ಎಂಬ ಮಾತಿನಂತೆಯೇ ಕೈಚಳಕ, ಕತ್ತಿ ನುಂಗುವುದು ಮುಂತಾದ ಎಲ್ಲವನ್ನೂ ಒಳಗೊಂಡ ಪದವಾಗಿತ್ತು. ಆದ್ದರಿಂದ ಕರಪತ್ರದಲ್ಲಿ ಯಾವ ಯಾವ ಆಟಗಳು ಒಟ್ಟಿಗೆ ಬರುತ್ತವೆ ಎಂಬುದನ್ನು ಪಟ್ಟಿ ಮಾಡಿ, ಬೇರೆ ಊರಿನ, ಬೇರೆ ವರ್ಷದ ಕರಪತ್ರಗಳೊಂದಿಗೆ ಹೋಲಿಸಿ ನೋಡಿ. ಹಿತ್ತಾಳೆ ಚೆಂಡು, ಕತ್ತಿ ನುಂಗುವುದು, ಬಾಯೊಳಗೇ ಮಣಿಗಳನ್ನು ಪೋಣಿಸುವುದು, ಈ ಮೂರೂ ಜೊತೆಗೆ ಕಂಡರೆ ನಿಮ್ಮ ಗುರುತು ಗಟ್ಟಿಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ: ಹೆಸರು ಪ್ರಸಿದ್ಧವಾದಷ್ಟೂ ಅದನ್ನು ಎರವಲು ಪಡೆಯುವವರು ಹುಟ್ಟಿಕೊಳ್ಳುತ್ತಾರೆ.

ನಾಲ್ಕುಚೆಂಡು:
ಹತ್ತು ವರ್ಷದಿಂದ ಚೆಂಡು ಆಡಿಸುತ್ತಿರುವ ನನಗೆ ಹೆಸರಿಗಿಂತ ಕೈಗಳ ಚಲನೆಯೇ ಹೆಚ್ಚು ಹೇಳುತ್ತದೆ. ಮೂರು ಅಥವಾ ಐದು ಚೆಂಡುಗಳಾದರೆ ಅವು ಸಾಮಾನ್ಯವಾಗಿ ಒಂದು ಕೈಯಿಂದ ಇನ್ನೊಂದಕ್ಕೆ ಅಡ್ಡಹಾಯುತ್ತವೆ. ನಾಲ್ಕಾದರೆ ಪ್ರತಿ ಕೈಯೂ ಎರಡೆರಡನ್ನು ತನ್ನಷ್ಟಕ್ಕೆ ಆಡಿಸುವುದೇ ಇಂದಿನ ರೂಢಿ. ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಓಡಿಸುವ ಹಳೆಯ ಕ್ರಮವೂ ಇದೆ. ಟೋಂಗಾ ದ್ವೀಪದ ಹೆಣ್ಣುಮಕ್ಕಳು ‘ಹಿಕೊ’ ಎಂದು ಆಡುವುದು ಹಾಗೆಯೇ. ಚೆಂಡುಗಳು ಗ್ರಹಗಳಂತೆ ಸುತ್ತುತ್ತಿದ್ದವು, ಬೆನ್ನ ಹಿಂದಿನಿಂದಲೂ ಹಾರುತ್ತಿದ್ದವು ಎನ್ನುವ ಹ್ಯಾಜ್ಲಿಟ್, ಅವು ಕೈ ಬದಲಿಸುತ್ತಿದ್ದವೇ ಎಂಬುದನ್ನು ಹೇಳಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತು! ಈ ವಿಷಯದಲ್ಲಿ ಚಿತ್ರಗಳು ಮೇಲು: ಈಜಿಪ್ಟಿನ ಬೆನಿ ಹಸನ್‌ನ 15ನೇ ಸಂಖ್ಯೆಯ ಸಮಾಧಿಯಲ್ಲಿ, ಸುಮಾರು 4,000 ವರ್ಷಗಳ ಹಿಂದೆ ಬಿಡಿಸಿದ ಹೆಂಗಸರಲ್ಲಿ ಒಬ್ಬಳು ಕೈಗಳನ್ನು ಅಡ್ಡಕಟ್ಟಿ ಆಡಿಸುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆಕೆಯ ಹೆಸರು ಯಾರಿಗೂ ತಿಳಿಯದಿದ್ದರೂ ಆಟವನ್ನು ನಾವು ಇಂದೂ ಆಡಿ ನೋಡಬಹುದು.

ಹಳೆಬರಹ:
ತಲೆಮಾರಿನ ಮಾತಿಗೆ ಒಂದು ಸೇರಿಸುತ್ತೇನೆ. ಆಟ ಮನೆತನದಲ್ಲೇ ಇಳಿಯುತ್ತದೆಂದು ಮೊದಲೇ ಭಾವಿಸಿದರೆ ದಾರಿ ತಪ್ಪುತ್ತೇವೆ. 1896ರಲ್ಲಿ ರಷ್ಯಾದ ಸಮಾರಾದಲ್ಲಿ ಸರ್ಕಸ್ ಕುಟುಂಬದಲ್ಲಿ ಹುಟ್ಟಿದ ಪ್ರಸಿದ್ಧ ಜಗ್ಲರ್ ಎನ್ರಿಕೊ ರಾಸ್ಟೆಲ್ಲಿ ಕೋಲು ಮತ್ತು ಚೆಂಡಿನ ಆಟದ ಬಗೆಯನ್ನು ತಂದೆತಾಯಿಯರಿಂದಲ್ಲ, ಟಕಾಶಿಮಾ ಎಂಬ ಜಪಾನೀ ಕಲಾವಿದನಿಂದ ಪಡೆದ. ರಾಮೊ ಸಾಮಿಯ ವಿಷಯದಲ್ಲೂ ಮಕ್ಕಳನ್ನಷ್ಟೇ ಹುಡುಕದೆ, ಅವನೊಡನೆ ಒಂದೇ ಕರಪತ್ರದಲ್ಲಿ ಕಾಣಿಸಿಕೊಂಡ ಇತರ ಆಟಗಾರರ ಹೆಸರುಗಳನ್ನೂ ಬರೆದಿಟ್ಟುಕೊಳ್ಳಿ.