ಅಪ್‌ಡೇಟ್: ಹೊಸೈರಿ ಟಾಪ್ ಮೈಗೆ ಸರಿಯಾಗಿ ಕೂತಿದೆ!

ಹತ್ತಿ ಕುರ್ತಾದ ಕಟಿಂಗ್ ಪೇಪರ್ ಇಟ್ಟುಕೊಂಡೇ ಹೊಸೈರಿ (ಟೀ-ಶರ್ಟಿನ ಹಾಗೆ ಎಳೆದರೆ ಹಿಗ್ಗುವ) ಬಟ್ಟೆಯಲ್ಲಿ ಟಾಪ್ ಹೊಲಿಯಬಹುದಾ ಅಂತ ಕೇಳಿದ್ದೆ. ಡಾಟ್ (ಮೈ ಆಕಾರಕ್ಕೆ ಕೂರಲು ಹೊಲಿಯುವ ಚೂಪು ಮಡಿಕೆ) ತೆಗೀರಿ, ಲೂಸ್ (ಮೈ ಅಳತೆಗಿಂತ ಹೆಚ್ಚು ಬಿಡುವ ಬಟ್ಟೆ) ಕಡಿಮೆ ಮಾಡಿ, ಸೂಜಿ ಬದಲಿಸಿ ಅಂದಿದ್ರಿ. ಮೂರನ್ನೂ ಮಾಡಿದೆ. ಅಕ್ಕಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಬೆಳಗಾವಿಯ ಖಡೇಬಜಾರಿನಿಂದ ಬಟ್ಟೆ ತಂದು ಮೊದಲು ಒಗೆದೆ. ಈ ಮಳೆಗೆ ಒಣಗೋಕೇ ಎರಡು ದಿನ ಬೇಕಾಯ್ತು. ಪೇಪರಿನಲ್ಲಿ ಎದೆ ಸುತ್ತ 4 ಇಂಚು ಲೂಸ್ ಇತ್ತು. ಮುಂದಿನ, ಹಿಂದಿನ ತುಂಡುಗಳ ಪ್ರತಿ ಬದಿಗೂ 1 ಇಂಚು ತೆಗೆದೆ. ಜಾಸ್ತಿ ಹಿಗ್ಗುವ ದಿಕ್ಕು ಮೈಗೆ ಅಡ್ಡಲಾಗಿ ಬರುವಂತೆ ಹಾಸಿ ಕತ್ತರಿಸಿದೆ.

ಕಾಡಿದ್ದು ಕೊರಳು. ಮೊದಲ ಸಲ ಕೊರಳಿನ ಅಂಚಿಗೆ ಹೊಲಿಯುವ ಪಟ್ಟಿಯನ್ನು ಕೊರಳಿನ ಸುತ್ತಳತೆಯಷ್ಟೇ ಉದ್ದ, ಅಂದ್ರೆ 22 ಇಂಚು ಇಟ್ಟೆ. ತೊಟ್ಟಾಗ ಎದ್ದು ನಿಂತಿತು. ಬಿಚ್ಚಿ 19 ಇಂಚಿಗೆ ಇಳಿಸಿದೆ. ಪಟ್ಟಿ, ಕೊರಳು ಎರಡನ್ನೂ ನಾಲ್ಕು ಸಮ ಭಾಗ ಮಾಡಿ ಪಿನ್ ಚುಚ್ಚಿ, ಪಟ್ಟಿಯನ್ನು ಮಾತ್ರ ಎಳೆಯುತ್ತಾ ಹೊಲಿದೆ. ಈಗ ಕತ್ತಿಗೆ ಅಂಟಿದ ಹಾಗೆ ಕೂತಿದೆ.

ಬಾಲ್‌ಪಾಯಿಂಟ್ ಸೂಜಿ (ತುದಿ ದುಂಡಗಿರೋದು) ಹಾಕಿದ ಮೇಲೆ ಹೊಲಿಗೆ ತಪ್ಪೋದು ನಿಂತೇ ಹೋಯ್ತು. ಸಣ್ಣ ಜಿಗ್‌ಜಾಗ್ ಇರೋದ್ರಿಂದ ತೊಡುವಾಗ ದಾರ ಹರಿಯೋದಿಲ್ಲ. ಅವ್ವ ಮುಟ್ಟಿ ನೋಡಿ "ಅಂಗಡ್ಯಾಗ ತಂದಂಗ ಐತಲ್ಲ" ಅಂದಳು. ಕೆಳಗಿನ ಮಡಿಕೆ ಮಾತ್ರ ಸ್ವಲ್ಪ ಅಲೆಅಲೆಯಾಗಿದೆ. ಮುಂದಿನ ಟಾಪಿಗೆ ಬಟ್ಟೆ ಕೆಳಗೆ ತೆಳು ಪೇಪರ್ ಇಟ್ಟು ಹೊಲಿದು, ಆಮೇಲೆ ಹರಿದು ತೆಗೀತೀನಿ.