ಅಪ್‌ಡೇಟ್: ತಮ್ಮನ ಫಿಟ್ಸ್‌ಗೆ ಅಲ್ಟ್ರಾಸೌಂಡ್ ಚಿಕಿತ್ಸೆ ಆಗುತ್ತಾ?

ಎರಡು ಬಗೆಯ ಮಾತ್ರೆ ಕೊಟ್ಟರೂ ತಮ್ಮನಿಗೆ ಫಿಟ್ಸ್ ನಿಲ್ಲುತ್ತಿಲ್ಲ, ತಲೆ ತೆರೆಯದೆ ಅಲ್ಟ್ರಾಸೌಂಡ್‌ನಲ್ಲೇ ಗುಣವಾಗುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ನರರೋಗ ತಜ್ಞರನ್ನು ನೋಡಿ ಬಂದೆವು. ಈ ಚಿಕಿತ್ಸೆಯಲ್ಲಿ ಎರಡು ಬಗೆ ಇದೆಯಂತೆ. ಎಂಆರ್‌ಐ ನೋಡುತ್ತಾ ಅಲ್ಟ್ರಾಸೌಂಡ್ ತರಂಗಗಳನ್ನು ಮೆದುಳಿನ ಒಂದೇ ಬಿಂದುವಿಗೆ ಸೇರಿಸಿ ಅಲ್ಲಿ ಸುಡುವುದು ಒಂದು ಬಗೆ. ಕೈನಡುಕಕ್ಕೆ ಅಮೆರಿಕದಲ್ಲಿ 2016ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಇನ್ನೊಂದು ಕಡಿಮೆ ಶಕ್ತಿಯದು. ಏನನ್ನೂ ಸುಡದೆ ನರಕೋಶಗಳ ಅಬ್ಬರ ತಗ್ಗಿಸುವ ಪ್ರಯತ್ನ. ಫಿಟ್ಸ್‌ಗೆ ಎರಡೂ ಇನ್ನೂ ಪ್ರಯೋಗದ ಹಂತದಲ್ಲೇ ಇವೆಯಂತೆ. ಅದರಲ್ಲೂ ಮೆದುಳಿನಲ್ಲಿ ಕಿವಿಯ ಹತ್ತಿರದ ಟೆಂಪೊರಲ್ ಭಾಗಕ್ಕೆ ಸುಡುವಷ್ಟು ಶಕ್ತಿ ತಲುಪಿಸುವುದು ಕಷ್ಟ. ತಮ್ಮನ ತೊಂದರೆ ಅಲ್ಲೇ ಇರಬಹುದು.

ತುಂಬಾ ಬೇಜಾರಾಯ್ತು. ಆದರೆ ಫಿಟ್ಸ್ ಎಲ್ಲಿಂದ ಶುರುವಾಗುತ್ತೆ ಅಂತ ಗೊತ್ತಾಗದೆ ಯಾವ ಚಿಕಿತ್ಸೆ ಮಾಡೋಕಾಗುತ್ತೆ, ಅಲ್ವಾ? ಅದನ್ನು ಹುಡುಕೋಕೆ ಮುಂದಿನ ವಾರ ವಿಡಿಯೋ ಇಇಜಿಗೆ (ಮೆದುಳಿನ ವಿದ್ಯುತ್ ಸಂಕೇತ ದಾಖಲಿಸುವ ಪರೀಕ್ಷೆ) ಅಡ್ಮಿಟ್. ತಲೆ ತುಂಬ ತಂತಿ ಅಂಟಿಸಿ, ಹಗಲು ರಾತ್ರಿ ಕ್ಯಾಮೆರಾ ಇಡುತ್ತಾರೆ. ಅಲ್ಲಿಯವರೆಗೆ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ ಅಂದಿದ್ದಾರೆ.